ಖರೀದಿಯಲ್ಲಿಯೇ ಆರಂಭವಾಗುವ ವಿಪತ್ತಿನ ಸಿದ್ಧತೆ: ಘಾಟಿಯ ಬುಡದ ಉದ್ಯಮಗಳಿಗೆ ಕೆಲವು ವಿಚಾರಗಳು

ಪ್ರತಿ ವರ್ಷ ಮಳೆಗಾಲ ಬಲಿಯುತ್ತಿದ್ದಂತೆ ಹೆಬ್ರಿಯ ವರ್ತಕರು ಒಂದು ಸುದ್ದಿಗಾಗಿ ಕಿವಿಗೊಟ್ಟು ಕುಳಿತಿರುತ್ತಾರೆ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಂದಿದೆಯೇ ಎಂಬುದೇ ಆ ಸುದ್ದಿ. ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ, ಉಡುಪಿ ಮಾರ್ಗವಾಗಿ ಮಲ್ಪೆಯನ್ನು ಸೇರುವ ರಾಷ್ಟ್ರೀಯ ಹೆದ್ದಾರಿ 169ಎ ಈ ಘಾಟಿಯಲ್ಲಿ 14 ಕಡಿದಾದ ತಿರುವುಗಳನ್ನು ಇಳಿದು ಬರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಅಂಚಿನಲ್ಲಿ ಈ ರಸ್ತೆ ಇದೆ ಎಂಬುದನ್ನು ನೆನೆದರೆ, ಗುಡ್ಡ ಜರಿಯುವುದು ಆಶ್ಚರ್ಯದ ಸಂಗತಿಯಲ್ಲ. 2022ರ ಜುಲೈಯಲ್ಲಿ ಗುಡ್ಡ ಜರಿದು ಈ ಮಾರ್ಗದ ಸಂಚಾರ ಸ್ಥಗಿತಗೊಂಡಿತ್ತು. ಅನಂತರದ ಮಳೆಗಾಲಗಳಲ್ಲಿಯೂ ಮುನ್ನೆಚ್ಚರಿಕೆಯ ಕ್ರಮವಾಗಿ ಭಾರಿ ವಾಹನಗಳನ್ನು ತಡೆಹಿಡಿದ ಆದೇಶಗಳು ಹೊರಬಿದ್ದಿವೆ.

ಘಾಟಿ ಮುಚ್ಚಿದ ದಿನ ಘಟ್ಟದ ಮೇಲಿನಿಂದ ಇಳಿಯಬೇಕಾದ ಲಾರಿ ಬೇರೆ ದಾರಿ ಹಿಡಿದು ಸುತ್ತಿ ಬರುತ್ತದೆ, ಬಾಡಿಗೆ ಏರುತ್ತದೆ, ಸರಕು ತಡವಾಗುತ್ತದೆ. ದೊಡ್ಡ ಉದ್ಯಮವು ಇದನ್ನು ಹೇಗೋ ತಡೆದುಕೊಳ್ಳುತ್ತದೆ. ನಾಲ್ಕಾರು ಮಂದಿ ಕೆಲಸಗಾರರನ್ನು ಇಟ್ಟುಕೊಂಡು, ಬ್ಯಾಂಕಿನ ಓವರ್‌ಡ್ರಾಫ್ಟಿನಲ್ಲಿ ವಹಿವಾಟು ನಡೆಸುವ ಬೇಕರಿ, ಹಿಟ್ಟಿನ ಗಿರಣಿ, ಸಿಮೆಂಟ್ ಬ್ಲಾಕ್ ಘಟಕ ಅಥವಾ ಜೀನಸಿನ ಅಂಗಡಿಗೆ ಹತ್ತು ದಿನಗಳ ವ್ಯತ್ಯಯವೂ ವರ್ಷದ ಲಾಭವನ್ನು ನುಂಗುವಷ್ಟು ದೊಡ್ಡದು. ಆದುದರಿಂದ ವಿಪತ್ತಿನ ಸಿದ್ಧತೆಯನ್ನು ಸರಕಾರದ ಅಥವಾ ಅಗ್ನಿಶಾಮಕ ದಳದ ಕೆಲಸವೆಂದು ಬಿಟ್ಟುಬಿಡುವಂತಿಲ್ಲ. ನಾವು ಸರಕನ್ನು ಯಾರಿಂದ, ಯಾವ ದಾರಿಯಾಗಿ, ಯಾವ ಷರತ್ತಿನ ಮೇಲೆ ಕೊಳ್ಳುತ್ತೇವೆ ಎಂಬ ನಿರ್ಧಾರದಲ್ಲಿಯೇ ಆ ಸಿದ್ಧತೆ ಆರಂಭವಾಗುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹಿರಿಯರ ಮಳೆಗಾಲದ ಲೆಕ್ಕ

ಈ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಒಂದೆರಡು ತಲೆಮಾರಿನ ಹಿಂದೆ ಕರಾವಳಿಯ ಯಾವ ಮನೆಯೂ ಮಳೆಗಾಲವನ್ನು ಬರಿಗೈಯಲ್ಲಿ ಎದುರುಗೊಳ್ಳುತ್ತಿರಲಿಲ್ಲ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಗಳು ಅಟ್ಟವನ್ನು ಸೇರುತ್ತಿದ್ದವು. ಕೊಟ್ಟಿಗೆಯ ಬದಿಯಲ್ಲಿ ಸೌದೆ ಒಟ್ಟಲಾಗುತ್ತಿತ್ತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಒಣಮೀನುಗಳು ಭರಣಿಗಳಲ್ಲಿ, ಡಬ್ಬಗಳಲ್ಲಿ ಸಿದ್ಧವಾಗಿರುತ್ತಿದ್ದವು. ಹೊಳೆ ದಾಟಲಾಗದ, ಪೇಟೆಗೆ ಹೋಗಲಾಗದ ದಿನಗಳು ಬಂದೇ ಬರುತ್ತವೆ ಎಂಬ ತಿಳಿವಳಿಕೆಯಿಂದ ಹುಟ್ಟಿದ ಕ್ರಮವಿದು. ಆಟಿ ತಿಂಗಳ ಕೊರತೆಯನ್ನು ಬೇಸಿಗೆಯಲ್ಲಿಯೇ ಲೆಕ್ಕ ಹಾಕುತ್ತಿದ್ದರು.

ರಸ್ತೆ, ದೂರವಾಣಿ ಮತ್ತು ಸರಕು ಸಾಗಣೆಯ ವ್ಯವಸ್ಥೆ ಸುಧಾರಿಸಿದಂತೆ ದಾಸ್ತಾನು ಕಡಿಮೆ ಮಾಡುವುದೇ ಜಾಣತನವೆನಿಸಿತು. ಸಂಜೆ ಕರೆ ಮಾಡಿದರೆ ಬೆಳಗ್ಗೆ ಸರಕು ಬರುವುದಾದರೆ ಗೋದಾಮಿನಲ್ಲಿ ಹಣ ಕಟ್ಟಿಹಾಕುವುದೇಕೆ ಎಂಬ ಪ್ರಶ್ನೆ ಸಹಜವೇ. ಸಾಮಾನ್ಯ ದಿನಗಳಲ್ಲಿ ಈ ವಿಧಾನ ಲಾಭದಾಯಕವೂ ಹೌದು. ಆದರೆ ಅದು ದಾರಿ ಸದಾ ತೆರೆದಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಕಳೆದ ಕೆಲವು ವರ್ಷಗಳ ಅನುಭವ ಆ ನಂಬಿಕೆಯನ್ನು ಅಲುಗಾಡಿಸಿದೆ.

ಇತ್ತೀಚಿನ ವರ್ಷಗಳು ಕಲಿಸಿದ ಪಾಠ

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತ ಎಲ್ಲರ ನೆನಪಿನಲ್ಲಿದೆ. ಅದೇ ಸಮಯದಲ್ಲಿ ಸಂಪಾಜೆ ಮತ್ತು ಶಿರಾಡಿ ಘಾಟಿಗಳ ರಸ್ತೆಗಳು ಕುಸಿದವು. ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗದ ಮೇಲೂ ಗುಡ್ಡದ ಮಣ್ಣು ಬಿದ್ದು ಸಂಚಾರ ವಾರಗಟ್ಟಲೆ ನಿಂತಿತು. ಮರುವರ್ಷ, 2019ರ ಆಗಸ್ಟಿನಲ್ಲಿ, ಚಾರ್ಮಾಡಿ ಘಾಟಿಯ ಸರದಿ. ಈ ಘಟನೆಗಳಲ್ಲಿ ವರ್ತಕರು ಗಮನಿಸಬೇಕಾದ ಅಂಶವೊಂದಿದೆ. ಒಂದೇ ಮಳೆ ಹಲವು ಘಾಟಿಗಳನ್ನು ಒಟ್ಟಿಗೆ ಮುಚ್ಚಬಲ್ಲದು. ಶಿವಮೊಗ್ಗದಲ್ಲಿ ಒಬ್ಬರು, ಹಾಸನದಲ್ಲಿ ಒಬ್ಬರು ಹೀಗೆ ಇಬ್ಬರು ಸರಬರಾಜುದಾರರು ಇದ್ದಾರೆಂದು ಸಮಾಧಾನ ಪಟ್ಟುಕೊಂಡವರಿಗೆ, ಇಬ್ಬರ ಸರಕೂ ಘಟ್ಟ ಇಳಿದೇ ಬರಬೇಕು ಎಂಬ ಸತ್ಯ ಅಂದು ತಿಳಿಯಿತು.

ಕರಾವಳಿಯ ಉದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಕೂಡ ಸುರಕ್ಷಿತವೆಂದು ಹೇಳುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ವಾಹನಗಳು ಗಂಗಾವಳಿ ನದಿಯ ಪಾಲಾದವು. ಗೋವಾ, ಮುಂಬೈ ಕಡೆಯ ಸರಕು ಸಾಗಣೆ ಅಸ್ತವ್ಯಸ್ತವಾಯಿತು.

ನೆರೆಯ ವಿಷಯಕ್ಕೆ ಬಂದರೆ, 2020ರ ಸೆಪ್ಟೆಂಬರ್ 20ರ ಭಾನುವಾರವನ್ನು ಉಡುಪಿಯ ವರ್ತಕರು ಮರೆಯಲಾರರು. ಶನಿವಾರ ರಾತ್ರಿಯಿಡೀ ಸುರಿದ ಮಳೆಗೆ ಬೆಳಗಾಗುವಷ್ಟರಲ್ಲಿ ಕಲ್ಸಂಕ, ಬನ್ನಂಜೆ, ಗುಂಡಿಬೈಲು ಮುಂತಾದ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು. ಸುವರ್ಣಾ, ಸೀತಾ ನದಿಗಳು ದಡ ಮೀರಿ ಹರಿದವು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯನ್ನು ಕರೆಸಬೇಕಾಯಿತು. ಮಳೆಗಾಲ ಮುಗಿಯುತ್ತ ಬಂತೆಂದು ಸರಕನ್ನು ನೆಲದ ಮೇಲೆ ಇಳಿಸಿಕೊಂಡವರಿಗೆ ಆ ರಾತ್ರಿ ಹೆಚ್ಚಿನ ನಷ್ಟ ತಂದೊಡ್ಡುವಂಥದ್ದಾಗಿತ್ತು. ಅದಕ್ಕೂ ತಡವಾಗಿ, 2024ರ ಅಕ್ಟೋಬರ್ ಮೊದಲ ವಾರದಲ್ಲಿ, ಹೆಬ್ರಿ ತಾಲೂಕಿನ ಮುದ್ರಾಡಿ, ಕಬ್ಬಿನಾಲೆ ಭಾಗದಲ್ಲಿ ಗುಡ್ಡದ ಮೇಲೆ ಸುರಿದ ಭಾರಿ ಮಳೆ ದಿಢೀರ್ ನೆರೆಯಾಗಿ ಇಳಿದು ಪ್ರಾಣಹಾನಿಗೂ ಕಾರಣವಾಯಿತು. ನಮ್ಮ ಎಚ್ಚರಿಕೆಯ ಅವಧಿ ಆಗಸ್ಟಿಗೆ ಮುಗಿಯತಕ್ಕದ್ದಲ್ಲ. ಅಕ್ಟೋಬರ್ ಕೊನೆಯವರೆಗೂ ಇರತಕ್ಕದ್ದು.

ಇಷ್ಟು ಮಳೆಯ ಜಿಲ್ಲೆಯಲ್ಲಿ ನೀರಿನ ಬರವೂ ಒಂದು ವಿಪತ್ತೇ. 2019ರ ಮೇ ತಿಂಗಳಲ್ಲಿ ಉಡುಪಿ, ಮಣಿಪಾಲಗಳಿಗೆ ನೀರುಣಿಸುವ ಬಜೆ ಅಣೆಕಟ್ಟಿನ ಸಂಗ್ರಹ ತಳ ಕಂಡಾಗ ನೀರನ್ನು ಸರದಿಯಲ್ಲಿ ಹಂಚಬೇಕಾಯಿತು. ಹೋಟೆಲು, ಲಾಂಡ್ರಿ, ಆಹಾರ ತಯಾರಿಕಾ ಘಟಕಗಳಿಗೆ ನೀರು ಸಹ ಒಂದು ಕಚ್ಚಾ ಸಾಮಗ್ರಿ. ಅದರ ಖರೀದಿಗೂ ಯೋಜನೆ ಬೇಕು.

ಒಂದೇ ಮೂಲವನ್ನು ನೆಚ್ಚಿದರೆ

ಒಂದೇ ಕಡೆಯ ಆಧಾರವನ್ನು ನೆಚ್ಚಿದರೆ ಆಗುವ ಅನಾಹುತಕ್ಕೆ ಕರಾವಳಿಯ ಚರಿತ್ರೆಯಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. 1970ರ ದಶಕದಲ್ಲಿ ನಮ್ಮ ಅಡಿಕೆ ತೋಟಗಳಲ್ಲಿ ಕೊಕ್ಕೋ ಉಪಬೆಳೆಯಾಗಿ ಹಬ್ಬಿತು. ಕೊಳ್ಳುವ ಪ್ರಮುಖ ಕಂಪನಿ ಒಂದೇ ಇತ್ತು. ಅಂತಾರಾಷ್ಟ್ರೀಯ ಬೆಲೆ ಕುಸಿದಾಗ ಅದು ಖರೀದಿಯಿಂದ ಹಿಂದೆ ಸರಿಯಿತು. ಬೆಳೆಗಾರರಿಗೆ ಮಾರುಕಟ್ಟೆಯೇ ಇಲ್ಲದಂತಾಯಿತು. ಆಗ ಅಡಿಕೆ ಬೆಳೆಗಾರರ ಹಿತರಕ್ಷಣೆಗಾಗಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಗಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕೊಕ್ಕೋ ಖರೀದಿಗೆ ಇಳಿಯಿತು. ಮುಂದೆ 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಮಾರುವವರಿಗೆ ಒಬ್ಬನೇ ಗಿರಾಕಿ ಇರುವುದು ಎಷ್ಟು ಅಪಾಯಕರವೋ, ಕೊಳ್ಳುವವರಿಗೆ ಒಬ್ಬನೇ ಸರಬರಾಜುದಾರ ಇರುವುದೂ ಅಷ್ಟೇ ಅಪಾಯಕರ.

ಜಪಾನಿನ ಒಂದು ಘಟನೆಯನ್ನೂ ಇಲ್ಲಿ ಸ್ಮರಿಸಬಹುದು. 1997ರ ಫೆಬ್ರವರಿ 1ರಂದು ಐಸಿನ್ ಎಂಬ ಬಿಡಿಭಾಗ ತಯಾರಿಕಾ ಕಂಪನಿಯ ಒಂದು ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಚಿಕ್ಕ ಕವಾಟ ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಲಿಂದಲೇ ಬರುತ್ತಿತ್ತು. ದಾಸ್ತಾನು ಕೆಲವೇ ಗಂಟೆಗಳಿಗೆ ಸಾಕಾಗುವಷ್ಟಿತ್ತು. ಅಷ್ಟು ದೊಡ್ಡ ಕಂಪನಿಯ ಕಾರು ತಯಾರಿಕೆ ಒಂದು ಅಗ್ಗದ ಭಾಗಕ್ಕಾಗಿ ನಿಂತುಹೋಯಿತು. ಅದನ್ನು ಪಾರುಮಾಡಿದವರು ಸುತ್ತಮುತ್ತಲಿನ ಇತರ ಸರಬರಾಜುದಾರರು. ಹೊಲಿಗೆ ಯಂತ್ರ ತಯಾರಿಸುವ ಸಂಸ್ಥೆಯೂ ಸೇರಿದಂತೆ ಅನೇಕ ಘಟಕಗಳು ನಕ್ಷೆ ತರಿಸಿಕೊಂಡು, ತಮ್ಮ ಯಂತ್ರಗಳಲ್ಲಿಯೇ ಕವಾಟ ತಯಾರಿಸಿ, ಕೆಲವೇ ದಿನಗಳಲ್ಲಿ ಕೆಲಸ ಮರಳಿ ಆರಂಭವಾಗುವಂತೆ ಮಾಡಿದವು. ವರ್ಷಗಳಿಂದ ಉಳಿಸಿಕೊಂಡು ಬಂದ ವ್ಯಾಪಾರ ಸಂಬಂಧ ಆ ವಾರದಲ್ಲಿ ವಿಮೆಯಂತೆ ಒದಗಿತು.

ಸುಸ್ಥಿರ ಖರೀದಿ ಎಂದರೇನು?

ಸುಸ್ಥಿರ ಖರೀದಿಯ ಕುರಿತು 2017ರಲ್ಲಿ ಐಎಸ್‌ಒ 20400 ಎಂಬ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಪ್ರಕಟವಾಗಿದೆ. ಅದರ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು: ಸರಕನ್ನು ಕೊಳ್ಳುವಾಗ ಇಂದಿನ ದರವನ್ನಷ್ಟೇ ನೋಡದೆ, ಆ ಸರಕು ಹುಟ್ಟುವ ನೆಲ, ಜಲ, ಕಾಡು ಮತ್ತು ಅದನ್ನು ತಯಾರಿಸುವ ಜನ ನಾಳೆಯೂ ಉಳಿಯುವಂತೆ ಕೊಳ್ಳುವುದು. ಕೇಳಲು ಇದು ಆದರ್ಶದ ಮಾತೆನಿಸಬಹುದು. ವ್ಯಾಪಾರದ ದೃಷ್ಟಿಯಿಂದ ಇದು ಸರಕಿನ ನಿರಂತರ ಲಭ್ಯತೆಯ ಪ್ರಶ್ನೆ.

ಮರಳಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. 2018ರಲ್ಲಿ ಉಡುಪಿ ಜಿಲ್ಲೆಯಲ್ಲಿ ಮರಳಿನ ಅಭಾವ ತಲೆದೋರಿ ಕಟ್ಟಡ ಕಾಮಗಾರಿಗಳು ನಿಂತವು, ಪ್ರತಿಭಟನೆಗಳು ನಡೆದವು. ಗಾರೆ ಕೆಲಸದವರಿಂದ ಹಿಡಿದು ಹಾರ್ಡ್‌ವೇರ್ ಅಂಗಡಿಯವರೆಗೆ ಎಲ್ಲರ ಸಂಪಾದನೆಗೂ ಪೆಟ್ಟು ಬಿತ್ತು. 2025ರ ಮಳೆಗಾಲದಲ್ಲಿ ಕರಾವಳಿಯಲ್ಲಿ ಅನಧಿಕೃತ ಗಣಿಗಾರಿಕೆಯ ವಿರುದ್ಧ ಕ್ರಮ ಬಿಗಿಯಾದಾಗ ಕೆಂಪು ಕಲ್ಲು ಹಾಗೂ ಮರಳಿನ ಕೊರತೆ ಮತ್ತೆ ಕಾಣಿಸಿಕೊಂಡಿತು. ಪರವಾನಿಗೆ ಸರಿಯಿಲ್ಲದ ಮೂಲದಿಂದ ಬರುವ ಸರಕು ಅಗ್ಗವಾಗಿರಬಹುದು. ಆದರೆ ಒಂದು ಆದೇಶ, ಒಂದು ದಾಳಿ ಅದನ್ನು ರಾತ್ರೋರಾತ್ರಿ ನಿಲ್ಲಿಸಬಲ್ಲದು. ಪರ್ಯಾಯವಾಗಿ ಎಂ-ಸ್ಯಾಂಡ್ ಬಳಕೆಯನ್ನು ಮೊದಲೇ ರೂಢಿಸಿಕೊಂಡಿದ್ದ ಘಟಕಗಳಿಗೆ ಅಂತಹ ದಿನಗಳಲ್ಲಿ ಇನ್ನೊಂದು ದಾರಿ ತೆರೆದಿರುತ್ತದೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಬಂಧವೂ ಇದೆ. ನಮ್ಮ ಕಚ್ಚಾ ಸಾಮಗ್ರಿಗಳು ಬರುವ ಗುಡ್ಡ, ಹೊಳೆಗಳೇ ನಮ್ಮನ್ನು ನೆರೆಯಿಂದ, ಕುಸಿತದಿಂದ ಕಾಪಾಡುವವು. 2018ರ ಜೂನ್ ತಿಂಗಳಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ನದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ, ಅಡಿಪಾಯದ ಸಮೀಪ ನಡೆದ ಮರಳುಗಾರಿಕೆಯೇ ಕಾರಣವೆಂಬ ದೂರು ವ್ಯಾಪಕವಾಗಿ ಕೇಳಿಬಂತು. ಗುಡ್ಡದ ಬುಡವನ್ನು ನೇರವಾಗಿ ಕಡಿದು ಮಣ್ಣು ತೆಗೆದರೆ ಮೇಲಿನ ಭಾಗಕ್ಕೆ ಆಧಾರ ತಪ್ಪುತ್ತದೆ. ನೀರು ಇಂಗಿ ಭಾರವಾದಾಗ ಅದು ಜರಿಯುತ್ತದೆ. ಅಗ್ಗದ ಮಣ್ಣು, ಅಗ್ಗದ ಮರಳಿನ ನಿಜವಾದ ಬೆಲೆಯನ್ನು ಮುರಿದ ಸೇತುವೆ, ಮುಚ್ಚಿದ ರಸ್ತೆಗಳ ರೂಪದಲ್ಲಿ ಕೊನೆಗೆ ನಾವೇ ತೆರಬೇಕಾಗುತ್ತದೆ.

ಸೋಮೇಶ್ವರ ಅಭಯಾರಣ್ಯದ ಮಗ್ಗುಲಲ್ಲಿರುವ ಹೆಬ್ರಿಗೆ ಸೌದೆಯ ವಿಷಯದಲ್ಲಿಯೂ ಇದು ಅನ್ವಯಿಸುತ್ತದೆ. ಕುಚ್ಚಲಕ್ಕಿ ಗಿರಣಿಯು ಭತ್ತದ ಹೊಟ್ಟನ್ನು, ಗೇರುಬೀಜ ಕಾರ್ಖಾನೆಯು ಬೀಜದ ಸಿಪ್ಪೆಯನ್ನು ಉರುವಲಾಗಿ ಬಳಸಿದಾಗ ಹೊರಗಿನ ಸೌದೆಯ ಅವಲಂಬನೆ ತಗ್ಗುತ್ತದೆ. ಮಳೆಗಾಲದಲ್ಲಿ ಒಣ ಸೌದೆ ಸಿಗದಿರುವಾಗ ಒಲೆ ಆರದಂತೆ ಉಳಿಯುವುದು ಇಂತಹ ಘಟಕಗಳಲ್ಲಿಯೇ.

ಎರಡು ಸರಳ ಲೆಕ್ಕಗಳು

ಎರಡನೆಯ ಸರಬರಾಜುದಾರನನ್ನು ಇಟ್ಟುಕೊಳ್ಳುವುದು ದುಬಾರಿ ಎಂಬ ಆಕ್ಷೇಪ ಸಹಜ. ಕಾಲ್ಪನಿಕ ಅಂಕಿಗಳಿಂದ ಪರಿಶೀಲಿಸೋಣ. ಒಂದು ಘಟಕ ತಿಂಗಳಿಗೆ ರೂ. 4 ಲಕ್ಷದ ಕಚ್ಚಾ ಸಾಮಗ್ರಿಯನ್ನು ಘಟ್ಟದ ಮೇಲಿನ ಒಬ್ಬರಿಂದಲೇ ತರಿಸುತ್ತಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಕಾಲು ಭಾಗವನ್ನು, ಅಂದರೆ ರೂ. 1 ಲಕ್ಷದ ಸರಕನ್ನು, ಶೇಕಡಾ 4ರಷ್ಟು ಹೆಚ್ಚು ದರ ಕೊಟ್ಟು ಉಡುಪಿ ಅಥವಾ ಕಾರ್ಕಳದಲ್ಲಿ ಖರೀದಿಸಿದರೆ ಆಗುವ ಹೆಚ್ಚುವರಿ ಖರ್ಚು ತಿಂಗಳಿಗೆ ರೂ. 4,000. ಜೂನ್‌ನಿಂದ ಸೆಪ್ಟೆಂಬರ್ ತನಕ ನಾಲ್ಕು ತಿಂಗಳಿಗೆ ಮಾತ್ರ ಹೀಗೆ ಮಾಡಿದರೆ ರೂ. 16,000.

ಇನ್ನು ಕೆಲಸ ನಿಂತರೂ ನಿಲ್ಲದ ಖರ್ಚುಗಳನ್ನು, ಅಂದರೆ ಸಂಬಳ, ಬಾಡಿಗೆ, ಬಡ್ಡಿ, ವಿದ್ಯುತ್ತಿನ ಕನಿಷ್ಠ ಶುಲ್ಕಗಳನ್ನು ದಿನಕ್ಕೆ ರೂ. 6,000 ಎಂದು ಹಿಡಿದರೆ, ಹತ್ತು ದಿನಗಳ ಸ್ಥಗಿತಕ್ಕೆ ರೂ. 60,000 ನಷ್ಟವಾಗುತ್ತದೆ. ಕೈತಪ್ಪಿದ ಲಾಭ, ಬೇರೆಡೆ ಹೋದ ಗಿರಾಕಿ ಈ ಲೆಕ್ಕದಲ್ಲಿ ಸೇರಿಲ್ಲ. ಮೂರು ವರ್ಷಗಳಿಗೊಮ್ಮೆ ಮಾತ್ರ ಇಂತಹ ಸ್ಥಗಿತ ಸಂಭವಿಸಿದರೂ, ಮೂರು ವರ್ಷಗಳ ಹೆಚ್ಚುವರಿ ಖರ್ಚು ರೂ. 48,000 ಮಾತ್ರ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಕೆಲವು ಸರಕುಗಳಿಗೆ ಎರಡನೆಯ ಮೂಲ ಲಾಭದಾಯಕವಲ್ಲ ಎಂಬ ಉತ್ತರವೂ ಬರಬಹುದು. ಅಂತಹ ಕಡೆ ದಾಸ್ತಾನೇ ಪರಿಹಾರ.

ದಾಸ್ತಾನಿನ ಲೆಕ್ಕವೂ ಕಷ್ಟವೇನಲ್ಲ. ದಿನಕ್ಕೆ ಎಷ್ಟು ಬೇಕು, ಸಾಮಾನ್ಯವಾಗಿ ಸರಕು ಬರಲು ಎಷ್ಟು ದಿನ ಹಿಡಿಯುತ್ತದೆ, ಅತ್ಯಂತ ತಡವಾದಾಗ ಎಷ್ಟು ದಿನ ಹಿಡಿದಿದೆ ಎಂಬ ಮೂರು ಸಂಖ್ಯೆಗಳು ಸಾಕು. ದಿನಕ್ಕೆ ಒಂದು ಕ್ವಿಂಟಾಲ್ ಮೈದಾ ಬಳಸುವ ಬೇಕರಿಗೆ ಸರಕು ಸಾಮಾನ್ಯವಾಗಿ 2 ದಿನಗಳಲ್ಲಿಯೂ, ಅತಿ ತಡವೆಂದರೆ 6 ದಿನಗಳಲ್ಲಿಯೂ ಬರುವುದಾದರೆ, 4 ದಿನಗಳ ಅಂತರಕ್ಕೆ 4 ಕ್ವಿಂಟಾಲ್ ಹೆಚ್ಚುವರಿ ದಾಸ್ತಾನು ಬೇಕು. ಕ್ವಿಂಟಾಲಿಗೆ ರೂ. 4,000ದಂತೆ ಅದರ ಮೌಲ್ಯ ರೂ. 16,000, ವಾರ್ಷಿಕ ಶೇಕಡಾ 12ರ ಬಡ್ಡಿಯಲ್ಲಿ ನಾಲ್ಕು ತಿಂಗಳಿಗೆ ತಗಲುವ ವೆಚ್ಚ ಕೇವಲ ರೂ. 640. ಮಳೆಗಾಲದ ತೇವಕ್ಕೆ ಮೈದಾ ಬೇಗ ಕೆಡುವುದರಿಂದ ಮೊದಲು ಬಂದ ಚೀಲವನ್ನು ಮೊದಲು ಬಳಸುವ ಶಿಸ್ತು ಮಾತ್ರ ತಪ್ಪಬಾರದು.

ಮಳೆಗಾಲಕ್ಕೆ ಮುನ್ನ ಮಾಡತಕ್ಕ ಕೆಲಸಗಳು

1. ಅತಿ ಮುಖ್ಯವಾದ ಹತ್ತು ಸರಕುಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಸರಬರಾಜುದಾರನ ಊರು ಮತ್ತು ಸರಕು ಬರುವ ದಾರಿಯನ್ನು ಬರೆಯಿರಿ. ಯಾವ ಘಾಟಿ, ಯಾವ ಸೇತುವೆ ಪಟ್ಟಿಯಲ್ಲಿ ಪದೇ ಪದೇ ಬರುತ್ತದೆಯೋ ಅದೇ ನಿಮ್ಮ ದುರ್ಬಲ ಸ್ಥಾನ.

2. ಎರಡನೆಯ ಮೂಲವನ್ನು ಆರಿಸುವಾಗ ದಾರಿ ಬೇರೆಯಾಗಿದೆಯೇ ಎಂದು ನೋಡಿ. ವರ್ಷವಿಡೀ ಅವರಿಂದ ಸ್ವಲ್ಪವಾದರೂ ಕೊಳ್ಳುತ್ತಿರಿ. ಕಷ್ಟದ ದಿನ ಮೊದಲ ಬಾರಿಗೆ ಕರೆ ಮಾಡಿದವರಿಗೆ ಸರಕು ಸಿಗುವುದು ಅಪರೂಪ.

3. ಗೋದಾಮಿನಲ್ಲಿ ಸರಕನ್ನು ನೆಲಕ್ಕೆ ತಾಗದಂತೆ ಮರದ ಅಟ್ಟಣೆಯ ಮೇಲೆ, ಗೋಡೆಯಿಂದ ಅಂತರ ಬಿಟ್ಟು ಇಡಿ. ಹಿಂದಿನ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ತಿಳಿದು ಗೋಡೆಯ ಮೇಲೆ ಗುರುತು ಮಾಡಿ. ಬೆಲೆಬಾಳುವ ಸರಕು, ವಿದ್ಯುತ್ ಸ್ವಿಚ್‌ಬೋರ್ಡು, ಮೋಟಾರುಗಳು ಆ ಗುರುತಿಗಿಂತ ಮೇಲಿರಲಿ.

4. ಅಂಗಡಿಯ ಸುತ್ತಲಿನ ತೋಡು, ಚರಂಡಿಗಳ ಹೂಳನ್ನು ಮೇ ತಿಂಗಳಲ್ಲಿಯೇ ತೆಗೆಸಿ. ಮಾಡಿನ ಹಂಚು, ತಗಡು, ದಂಬೆಗಳನ್ನು ಪರೀಕ್ಷಿಸಿ.

5. ಸಿಡಿಲಿನ ಹಾವಳಿ ಏಪ್ರಿಲ್-ಮೇ ಹಾಗೂ ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚು. ಅರ್ಥಿಂಗ್ ಸರಿಯಿದೆಯೇ ಎಂದು ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿ.

6. ಲೆಕ್ಕಪತ್ರ, ಸಾಲಗಾರರ ಪಟ್ಟಿ, ವಿಮಾ ಪತ್ರ, ಪರವಾನಿಗೆಗಳ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇರಿಸಿ. ಸರಕು ಹೋದರೆ ಮತ್ತೆ ಕೊಳ್ಳಬಹುದು. ಬರಬೇಕಾದ ಬಾಕಿಯ ದಾಖಲೆ ಹೋದರೆ ವಸೂಲಿ ಕಷ್ಟ.

7. ಹವಾಮಾನ ಇಲಾಖೆಯ ಭಾಷೆಯನ್ನು ತಿಳಿದುಕೊಳ್ಳಿ. 24 ಗಂಟೆಗಳಲ್ಲಿ 64.5 ಮಿ.ಮೀ. ಮೀರಿದರೆ ಭಾರಿ ಮಳೆ, 115.6 ಮಿ.ಮೀ.ನಿಂದ 204.4 ಮಿ.ಮೀ. ತನಕ ಅತಿ ಭಾರಿ, ಅದಕ್ಕೂ ಮಿಕ್ಕಿದರೆ ಅತ್ಯಂತ ಭಾರಿ ಮಳೆ. ಆರೆಂಜ್ ಅಲರ್ಟ್ ಬಂದಾಗ ಸರಕು ಎತ್ತರಕ್ಕೆ ಸಾಗಿಸುವವರು ಯಾರು, ವಿದ್ಯುತ್ ಸಂಪರ್ಕ ತಪ್ಪಿಸುವವರು ಯಾರು ಎಂಬುದು ಮೊದಲೇ ನಿಶ್ಚಯವಾಗಿರಲಿ. ರೆಡ್ ಅಲರ್ಟ್ ದಿನ ಕೆಲಸಗಾರರನ್ನು ಹೊಳೆ ದಾಟಿ ಬರಹೇಳಬೇಡಿ. ಜೀವಕ್ಕಿಂತ ಸರಕು ದೊಡ್ಡದಲ್ಲ.

8. ಜಿಲ್ಲಾ ವಿಪತ್ತು ನಿರ್ವಹಣಾ ಕೇಂದ್ರದ 1077 ಹಾಗೂ ತುರ್ತು ಸೇವೆಯ 112 ಸಂಖ್ಯೆಗಳನ್ನು ಎಲ್ಲರಿಗೂ ಕಾಣುವಂತೆ ಬರೆದಿಡಿ.

ವಿಮೆ: ಓದಿ ಸಹಿ ಮಾಡಬೇಕಾದ ಪತ್ರ

ಬ್ಯಾಂಕಿನವರು ಹೇಳಿದರೆಂದು ವಿಮೆ ಮಾಡಿಸಿ, ಪತ್ರವನ್ನು ಓದದೆ ಕಪಾಟಿನಲ್ಲಿಡುವ ರೂಢಿ ನಮ್ಮಲ್ಲಿದೆ. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆಂದೇ ಏಕರೂಪದ ವಿಮಾ ಪತ್ರಗಳು ಜಾರಿಗೆ ಬಂದಿವೆ. ಒಂದು ಸ್ಥಳದಲ್ಲಿನ ಆಸ್ತಿ ಮೌಲ್ಯ ರೂ. 5 ಕೋಟಿಯವರೆಗೆ ಇರುವವರಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, ರೂ. 5 ಕೋಟಿ ಮೀರಿ ರೂ. 50 ಕೋಟಿಯವರೆಗೆ ಇರುವವರಿಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’. ಬೆಂಕಿ, ಸಿಡಿಲುಗಳ ಜೊತೆಗೆ ಬಿರುಗಾಳಿ, ನೆರೆ, ಭೂಕುಸಿತಗಳೂ ಇವುಗಳ ವ್ಯಾಪ್ತಿಯಲ್ಲಿವೆ.

ಎರಡು ವಿಷಯಗಳಲ್ಲಿ ಎಚ್ಚರ ಅಗತ್ಯ. ಮೊದಲನೆಯದು ಕಡಿಮೆ ಮೊತ್ತದ ವಿಮೆ. ಕಂತು ಉಳಿಸಲು ರೂ. 20 ಲಕ್ಷದ ಸರಕಿಗೆ ರೂ. 10 ಲಕ್ಷದ ವಿಮೆ ಮಾಡಿಸಿದವರಿಗೆ ರೂ. 4 ಲಕ್ಷದ ನಷ್ಟವಾದರೆ ದೊರೆಯುವುದು ಸುಮಾರು ರೂ. 2 ಲಕ್ಷ ಮಾತ್ರ. ನಷ್ಟವು ವಿಮಾ ಮೊತ್ತಕ್ಕಿಂತ ಕಡಿಮೆಯಿದ್ದರೂ ಅನುಪಾತಕ್ಕೆ ತಕ್ಕಂತೆ ಕಡಿತವಾಗುತ್ತದೆ. ಹೊಸ ಪತ್ರಗಳಲ್ಲಿ ಶೇಕಡಾ 15ರವರೆಗಿನ ಕೊರತೆಗೆ ಮಾತ್ರ ವಿನಾಯಿತಿ ಇದೆ. ಮಳೆಗಾಲಕ್ಕೆಂದು ದಾಸ್ತಾನು ಹೆಚ್ಚಿಸಿದವರು ವಿಮಾ ಮೊತ್ತವನ್ನೂ ಹೆಚ್ಚಿಸತಕ್ಕದ್ದು. ಎರಡನೆಯದು, ಘಾಟಿ ಮುಚ್ಚಿ ವ್ಯಾಪಾರ ನಿಂತದ್ದರಿಂದಾದ ಲಾಭದ ನಷ್ಟವನ್ನು ಈ ಪತ್ರಗಳು ತುಂಬಿಕೊಡುವುದಿಲ್ಲ. ಆ ಭಾಗವನ್ನು ನಮ್ಮ ಕೈಯ ಹಣದಿಂದಲೇ ತುಂಬಿಕೊಳ್ಳಬೇಕು.

ಈ ಕೈಯ ಹಣದ ವಿಷಯದಲ್ಲಿ ಉಡುಪಿ ಜಿಲ್ಲೆಗೆ ದೊಡ್ಡ ಪರಂಪರೆಯೇ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನದಿನದ ಚಿಲ್ಲರೆಯನ್ನು ಮನೆಬಾಗಿಲಿನಲ್ಲಿಯೇ ಸಂಗ್ರಹಿಸುವ ಕ್ರಮವನ್ನು ಬೆಳೆಸಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಆ ಕ್ರಮ ಇಂದಿಗೂ ಅನುಕರಣೀಯ. ದಿನಕ್ಕೆ ರೂ. 200ರಂತೆ ತೆಗೆದಿಟ್ಟರೆ ತಿಂಗಳಿಗೆ 25 ಕೆಲಸದ ದಿನಗಳಂತೆ ವರ್ಷಕ್ಕೆ ರೂ. 60,000 ಆಗುತ್ತದೆ. ಮೇಲಿನ ಉದಾಹರಣೆಯ ಹತ್ತು ದಿನಗಳ ಸ್ಥಗಿತಕ್ಕೆ ಅದು ಸರಿಹೋಗುತ್ತದೆ.

ಸಕಾಲದ ಪಾವತಿಯೂ ಸಿದ್ಧತೆಯೇ

ಸರಕಿನ ಕೊರತೆ ಬಂದಾಗ ಸರಬರಾಜುದಾರ ಮೊದಲು ಯಾರಿಗೆ ಕೊಡುತ್ತಾನೆ? ಬಾಕಿಯನ್ನು ಹೇಳಿದ ದಿನ ಕೊಟ್ಟವರಿಗೆ. ಆರು ತಿಂಗಳು ಸತಾಯಿಸಿ, ದರದಲ್ಲಿಯೂ ಚೌಕಾಸಿ ಮಾಡಿ ಕೊಂಡವರಿಗೆ ಆ ದಿನ ಅವನ ಫೋನು ಸಿಗುವುದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಹಾಗೂ ಸಣ್ಣ ತಯಾರಕರಿಂದ ಕೊಂಡವರು ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಪಾವತಿಸತಕ್ಕದ್ದು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡತಕ್ಕದ್ದು. ಈ ರಕ್ಷಣೆ ಪಡೆಯಲಿಚ್ಛಿಸುವ ನಮ್ಮ ತಯಾರಕರು ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಅಗತ್ಯ. ಹಾಗೆಯೇ ಕೊಳ್ಳುವ ಸ್ಥಾನದಲ್ಲಿರುವಾಗ ಅದೇ ನಿಯಮವನ್ನು ನಾವೂ ಪಾಲಿಸುವುದು ನ್ಯಾಯ.

ದೊಡ್ಡ ಕಂಪನಿಗಳಿಗೆ ಸರಕು ಒದಗಿಸುವವರಿಗೆ ಇನ್ನೊಂದು ಕಾರಣವೂ ಇದೆ. ಸೆಬಿಯ ನಿಯಮದಂತೆ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ನೋಂದಾಯಿತ ಕಂಪನಿಗಳು ತಮ್ಮ ಸಾಮಾಜಿಕ, ಪರಿಸರ ಹೊಣೆಗಾರಿಕೆಯ ವರದಿಯನ್ನು ಪ್ರಕಟಿಸುತ್ತಿವೆ. ಸರಕಿನ ಮೂಲ ಯಾವುದು, ಪರವಾನಿಗೆ ಇದೆಯೇ, ಕೆಲಸಗಾರರ ಸ್ಥಿತಿ ಹೇಗಿದೆ ಎಂಬ ಪ್ರಶ್ನೆಗಳು ಆ ಕಂಪನಿಗಳಿಂದ ಸರಬರಾಜುದಾರರತ್ತ ಬರತೊಡಗುವುದು ಸ್ವಾಭಾವಿಕ. ಈಗಿನಿಂದಲೇ ದಾಖಲೆ ಇಟ್ಟುಕೊಂಡವರು ಆಗ ಹಿಂದೆ ಬೀಳಲಾರರು.

ಒಟ್ಟಾಗಿ ಮಾಡಬಹುದಾದದ್ದು

ಕೆಲವು ಕಾರ್ಯಗಳು ಒಬ್ಬೊಬ್ಬರಿಂದ ಆಗುವಂಥವಲ್ಲ. ಹೆಬ್ರಿ, ಕಾರ್ಕಳ, ಕಾಪು, ಉಡುಪಿಯ ಸದಸ್ಯರು ತಮ್ಮ ತಮ್ಮಲ್ಲಿ ಯಾವ ಸರಕು, ಯಾವ ಯಂತ್ರ, ಎಷ್ಟು ಗೋದಾಮು ಸ್ಥಳ ಇದೆಯೆಂಬ ಕೈಪಿಡಿಯೊಂದನ್ನು ಸಿದ್ಧಪಡಿಸಿಕೊಂಡರೆ, ಒಬ್ಬರ ಘಟಕಕ್ಕೆ ನೀರು ನುಗ್ಗಿದ ದಿನ ಇನ್ನೊಬ್ಬರ ಯಂತ್ರದಲ್ಲಿ ಕೆಲಸ ಮುಂದುವರಿಯಬಹುದು. ತಗ್ಗಿನಲ್ಲಿರುವ ಅಂಗಡಿಗಳವರು ಮಳೆಗಾಲಕ್ಕೆ ಎತ್ತರದ ಸ್ಥಳದಲ್ಲಿ ಒಂದು ಗೋದಾಮನ್ನು ಪಾಲಿನಲ್ಲಿ ಬಾಡಿಗೆಗೆ ಹಿಡಿಯಬಹುದು. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಘಾಟಿಯ ಸಂಚಾರ ನಿರ್ಬಂಧದ ಆದೇಶ ಹೊರಡುವ ಮುನ್ನ ವರ್ತಕರಿಗೆ ಒಂದೆರಡು ದಿನಗಳ ಸೂಚನೆ ದೊರೆಯಬೇಕೆಂಬ ಬೇಡಿಕೆಯನ್ನು ಸಂಘಟಿತವಾಗಿ ಅಲ್ಲಿ ಮಂಡಿಸುವುದು ಯುಕ್ತ.

ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಖರೀದಿಯ ಪುಸ್ತಕ ನಮ್ಮ ಕೈಯಲ್ಲಿದೆ. ಸದಸ್ಯ ಬಾಂಧವರು ಈ ವಾರವೇ ಆ ಪುಸ್ತಕವನ್ನು ತೆರೆದು, ಅತಿ ಮುಖ್ಯವಾದ ಹತ್ತು ಸರಕುಗಳ ಮುಂದೆ ಅವು ಬರುವ ದಾರಿಯನ್ನು ಬರೆಯುವುದರಿಂದ ಕಾರ್ಯಾರಂಭ ಮಾಡಲಿ. ಘಾಟಿ ಮುಚ್ಚಿದ ದಿನವೂ ಕೆಲಸಗಾರರಿಗೆ ಸಂಬಳ ಬಟವಾಡೆಯಾಗಿ, ಗಿರಾಕಿ ಬರಿಗೈಯಲ್ಲಿ ಮರಳದಂತಾದರೆ ಆ ಶ್ರಮ ಸಾರ್ಥಕ.